ಆಯವ್ಯಯದ ಅಂಕೆಯೂ ಅಧಿಕಾರಿಯ ಮನಸ್ಸೂ

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ತುಮಕೂರಿನ ಕಚೇರಿಗಳ ಮುಂದೆ ರಾತ್ರಿಯ ವೇಳೆ ನಡೆದುಹೋಗುವವರಿಗೆ ಒಂದು ವಿಶೇಷವು ಕಣ್ಣಿಗೆ ಬೀಳದಿರದು. ವರ್ಷದ ಉಳಿದ ದಿನಗಳಲ್ಲಿ ಸಂಜೆಗೇ ಬಾಗಿಲು ಮುಚ್ಚುವ ಕೊಠಡಿಗಳಲ್ಲಿ ಆಗ ದೀಪಗಳು ಉರಿಯುತ್ತಿರುತ್ತವೆ. ಬಿಲ್ಲುಗಳು ಸಿದ್ಧವಾಗುತ್ತವೆ, ರುಜುಗಳು ಬೀಳುತ್ತವೆ, ಖಜಾನೆಗೆ ಹೋಗಬೇಕಾದ ಕಾಗದಗಳು ಒಂದು ಮೇಜಿನಿಂದ ಮತ್ತೊಂದಕ್ಕೆ ಓಡುತ್ತವೆ. ಮಾರ್ಚ್ 31ರೊಳಗೆ ಹಣ ವೆಚ್ಚವಾಗದಿದ್ದರೆ ಅನುದಾನವು ಲ್ಯಾಪ್ಸಾಗುವುದು. ಮುಂದಿನ ವರ್ಷ ಅಷ್ಟು ಹಣವನ್ನು ಕೇಳಲು ಬಾಯಿಯೂ ಇರದು.

ಹಲವು ವರ್ಷಗಳ ಹಿಂದೆ ನಾವೂ ಇಂತಹ ದೀಪದ ಕೆಳಗೆ ಕುಳಿತವರೇ. ಆ ನಗರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆಯ ಹೊಣೆ ನಮ್ಮದಾಗಿದ್ದಿತು. ಅಲ್ಲಿನ ಸೂಕ್ಷ್ಮ ತಕ್ಕಡಿ ಕೆಟ್ಟಿದ್ದಿತು. ಅದನ್ನು ದುರಸ್ತಿ ಮಾಡಿಸಬೇಕೆಂದು ಜೂನ್ ತಿಂಗಳಿನಿಂದಲೂ ಬರೆಯುತ್ತ ಬಂದೆವು. ಉತ್ತರವಿಲ್ಲ. ಮಾರ್ಚ್ 22ರಂದು ಹಣವೇನೋ ಬಂದಿತು. ಆದರೆ ಅದು ಬಂದದ್ದು ಗಾಜಿನ ಸಾಮಾನಿನ ಲೆಕ್ಕ ಶೀರ್ಷಿಕೆಯಲ್ಲಿ. ದುರಸ್ತಿಗೆ ಅದನ್ನು ಮುಟ್ಟುವಂತಿಲ್ಲ, ಹಿಂದಿರುಗಿಸುವಂತೆಯೂ ಇಲ್ಲ. ಒಂಬತ್ತು ದಿನಗಳಲ್ಲಿ ಬೀಕರುಗಳನ್ನೂ ಪಿಪೆಟ್ಟುಗಳನ್ನೂ ಕೊಂಡು ಮುಗಿಸಿದೆವು. ಬೀರುವಿನಲ್ಲಿ ಸ್ಥಳ ಸಾಲದೆ ಅವು ರಟ್ಟಿನ ಪೆಟ್ಟಿಗೆಗಳಲ್ಲಿಯೇ ಉಳಿದವು.

ತಕ್ಕಡಿ ಮಾತ್ರ ಇದ್ದಂತೆಯೇ ಇದ್ದಿತು. ಮರುವರ್ಷದ ವಿದ್ಯಾರ್ಥಿಗಳು ಅದರಲ್ಲಿಯೇ ತೂಗಿದರು. ತೂಕ ತಪ್ಪಿದ ಮೇಲೆ ದ್ರಾವಣದ ಪ್ರಬಲತೆ ತಪ್ಪುವುದು. ದ್ರಾವಣ ತಪ್ಪಿದ ಮೇಲೆ ಕಡೆಯ ಉತ್ತರವೂ ತಪ್ಪುವುದು. ಆದರೆ ಅಂಕಗಳು ದೊರೆಯುವುದು ಕಡೆಯ ಉತ್ತರಕ್ಕೆ ತಾನೇ? ಆದುದರಿಂದ ಬರಬೇಕಾದ ಉತ್ತರವನ್ನು ಮೊದಲೇ ಅರಿತುಕೊಂಡ ಹುಡುಗರು ಬ್ಯೂರೆಟ್ಟಿನ ಅಳತೆಗಳನ್ನು ಹಿಂದಿನಿಂದ ಮುಂದಕ್ಕೆ ಹೊಂದಿಸಿ ಬರೆದರು. ನಾವು ಕಂಡೂ ಕಾಣದಂತೆ ಇದ್ದೆವು. ಕೊಟ್ಟ ಹಣವನ್ನು ಪೂರ್ಣವಾಗಿ ವಿನಿಯೋಗಿಸಿದ ವಿಭಾಗವೆಂದು ನಮಗೆ ಮೆಚ್ಚುಗೆಯ ಮಾತೂ ದೊರೆಯಿತು. ಆ ವರ್ಷ ಕೆಲಸದ ಮೇಲಣ ನಮ್ಮ ಅಕ್ಕರೆ ಕುಂದಿದಷ್ಟು ಮತ್ತೆಂದೂ ಕುಂದಲಿಲ್ಲ.

ಸಂಬಳ ಕಡಮೆಯಾಗಿರಲಿಲ್ಲ, ಯಾರೂ ಗದರಿಸಿರಲಿಲ್ಲ. ಹಾಗಾದರೆ ಮನಸ್ಸು ಏಕೆ ಕುಗ್ಗಿತು? ಈ ಪ್ರಶ್ನೆ ಕೇವಲ ನಮ್ಮ ಸ್ವಂತದ್ದಲ್ಲ. ಹಣದ ಅಂದಾಜನ್ನು ಸಿದ್ಧಪಡಿಸುವ ರೀತಿಯು ಅದನ್ನು ನಿರ್ವಹಿಸುವ ಅಧಿಕಾರಿಯ ವೃತ್ತಿತೃಪ್ತಿಯನ್ನು ಹೇಗೆ ಕೂಡಿಸುತ್ತದೆ, ಹೇಗೆ ಕಳೆಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರೂ ಲೆಕ್ಕಶಾಸ್ತ್ರಜ್ಞರೂ ಏಳು ದಶಕಗಳಿಗೂ ಮೇಲ್ಪಟ್ಟು ಪರಿಶೀಲಿಸಿದ್ದಾರೆ. ಅವರು ಕಂಡುಕೊಂಡುದನ್ನು ನಮ್ಮ ತರುಣ ವಾಚಕರ ಮುಂದಿಟ್ಟು, ನಮ್ಮ ಅಭಿಪ್ರಾಯವನ್ನೂ ಹೇಳುವುದು ಈ ಲೇಖನದ ಉದ್ದೇಶ.

ಆಯವ್ಯಯವೆಂದರೆ ಏನು? ನಾವು ದಿನವೂ ಬಳಸುವ ಬಜೆಟ್ಟು ಎಂಬ ಮಾತು ಹಳೆಯ ಫ್ರೆಂಚ್ ಭಾಷೆಯ, ಸಣ್ಣ ತೊಗಲಿನ ಚೀಲವೆಂಬ ಅರ್ಥದ ಪದದಿಂದ ಬಂದುದು. ಭಾರತದಲ್ಲಿ ಮೊತ್ತಮೊದಲ ಆಯವ್ಯಯವನ್ನು ಜೇಮ್ಸ್ ವಿಲ್ಸನ್ ಎಂಬಾತನು 1860ರ ಏಪ್ರಿಲ್ 7ರಂದು ಮಂಡಿಸಿದನು. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಆರ್ಥಿಕ ವರ್ಷವು 1867ರಿಂದ ರೂಢಿಗೆ ಬಂದಿತು. ಕಾರ್ಖಾನೆ, ಆಸ್ಪತ್ರೆ, ಕಾಲೇಜು, ಪಂಚಾಯತಿ ಎಲ್ಲಿಯೇ ಆಗಲಿ, ಆಯವ್ಯಯವು ಮೂರು ಕೆಲಸಗಳನ್ನು ಮಾಡುತ್ತದೆ. ಮುಂದಿನ ವರ್ಷದಲ್ಲಿ ಏನು ಮಾಡಬೇಕೆಂದು ಯೋಜಿಸುವುದು ಒಂದು. ಇರುವಷ್ಟು ಹಣವನ್ನು ಹಲವರಿಗೆ ಹಂಚುವುದು ಎರಡನೆಯದು. ಯಾರು ಸರಿಯಾಗಿ ಕೆಲಸ ಮಾಡಿದರೆಂದು ವರ್ಷದ ಕೊನೆಗೆ ಅಳೆಯುವುದು ಮೂರನೆಯದು. ಮೊದಲೆರಡು ಕೆಲಸಗಳು ಗಣಿತಕ್ಕೆ ಸೇರಿದವು. ಮೂರನೆಯದು ಮನುಷ್ಯನನ್ನು ಮುಟ್ಟುವಂತಹುದು. ನಮ್ಮ ಭಾಷೆಯಲ್ಲಿ ‘ಅಂಕೆ’ ಎಂಬ ಪದಕ್ಕೆ ಸಂಖ್ಯೆಯೆಂದೂ ಹತೋಟಿಯೆಂದೂ ಎರಡು ಅರ್ಥಗಳಿರುವುದು ಇಲ್ಲಿ ಬಹಳ ಹೊಂದುತ್ತದೆ.

ಈ ಹತೋಟಿಯ ಪರಿಣಾಮವನ್ನು ಮೊದಲು ಆಳವಾಗಿ ನೋಡಿದವರಲ್ಲಿ ಅಮೆರಿಕದ ಕ್ರಿಸ್ ಆರ್ಗಿರಿಸ್ ಒಬ್ಬರು. 1952ರಲ್ಲಿ ಪ್ರಕಟವಾದ ತಮ್ಮ ಅಧ್ಯಯನಕ್ಕಾಗಿ ಅವರು ಕಾರ್ಖಾನೆಗಳ ಮೇಲ್ವಿಚಾರಕರನ್ನೂ ಆಯವ್ಯಯ ಸಿದ್ಧಪಡಿಸುವ ನೌಕರರನ್ನೂ ಬೇರೆಬೇರೆಯಾಗಿ ಮಾತನಾಡಿಸಿದರು. ಲೆಕ್ಕದ ವಿಭಾಗದವರಿಗೆ ತಪ್ಪು ಹುಡುಕಿ ಮೇಲಕ್ಕೆ ವರದಿಮಾಡುವುದೇ ಯಶಸ್ಸು. ಮೇಲ್ವಿಚಾರಕರಿಗೆ ಅದೇ ಸೋಲು. ಒಬ್ಬರ ಗೆಲವು ಮತ್ತೊಬ್ಬರ ಅವಮಾನವಾಗುವಂತೆ ಏರ್ಪಾಟು ಇದ್ದಿತು. ಇದರ ಫಲವಾಗಿ ಮೇಲ್ವಿಚಾರಕರು ಒಳಗೊಳಗೇ ಒತ್ತಡಕ್ಕೆ ಸಿಕ್ಕಿದರು. ತಮ್ಮ ವಿಭಾಗವನ್ನು ಮಾತ್ರ ನೋಡಿಕೊಂಡು ಪಕ್ಕದ ವಿಭಾಗದ ಮೇಲೆ ತಪ್ಪು ಹೊರಿಸುವುದನ್ನು ಕಲಿತರು.

ಆರ್ಗಿರಿಸರು ಮತ್ತೊಂದು ಸೂಕ್ಷ್ಮವನ್ನೂ ಗಮನಿಸಿದರು. ಕೆಲವು ಕಡೆ ಮೇಲಧಿಕಾರಿಗಳು ಸಭೆ ಕರೆದು, ಮೊದಲೇ ಗೊತ್ತುಮಾಡಿದ ಅಂಕಿಗಳನ್ನು ಓದಿ, ಎಲ್ಲರ ಒಪ್ಪಿಗೆ ಇದೆ ತಾನೇ ಎಂದು ಕೇಳಿ ರುಜು ಪಡೆಯುತ್ತಿದ್ದರು. ಇದನ್ನು ಅವರು ಹುಸಿ ಸಹಭಾಗಿತ್ವವೆಂದು ಕರೆದರು. ಹುಸಿ ಸಹಭಾಗಿತ್ವವು ಸಹಭಾಗಿತ್ವವೇ ಇಲ್ಲದುದಕ್ಕಿಂತ ಕೆಟ್ಟದ್ದೆಂದು ನಮಗೆ ತೋರುತ್ತದೆ. ಕೇಳದೆ ಕೊಟ್ಟ ಆಜ್ಞೆಯನ್ನು ಮನುಷ್ಯನು ಸಹಿಸಿಯಾನು. ಕೇಳಿದಂತೆ ನಟಿಸಿದುದನ್ನು ಅವನು ಮರೆಯಲಾರನು.

ನಿಜವಾದ ಸಹಭಾಗಿತ್ವವಿದ್ದರೆ ಏನಾಗುವುದು? ಲೆಸ್ಟರ್ ಕಾಚ್ ಮತ್ತು ಜಾನ್ ಫ್ರೆಂಚ್ ಎಂಬವರು ವರ್ಜೀನಿಯಾದ ಒಂದು ಪೈಜಾಮ ಕಾರ್ಖಾನೆಯಲ್ಲಿ ನಡೆಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗವು ಪ್ರಸಿದ್ಧವಾಗಿದೆ. ಕೆಲಸದ ವಿಧಾನವನ್ನು ಬದಲಾಯಿಸಬೇಕಾದಾಗ ಒಂದು ಗುಂಪಿಗೆ ಬದಲಾವಣೆಯನ್ನು ತಿಳಿಸಿದರು, ಅಷ್ಟೆ. ಬೇರೆ ಗುಂಪುಗಳಲ್ಲಿ ಎಲ್ಲರೂ ಕುಳಿತು ಹೊಸ ವಿಧಾನವನ್ನೂ ಹೊಸ ಪ್ರಮಾಣವನ್ನೂ ಗೊತ್ತುಮಾಡಿದರು. ಮೊದಲ ಗುಂಪಿನಲ್ಲಿ ನಲವತ್ತು ದಿನಗಳೊಳಗೆ ಶೇಕಡಾ 17ರಷ್ಟು ಮಂದಿ ಕೆಲಸ ಬಿಟ್ಟರು. ಎಲ್ಲರೂ ಭಾಗವಹಿಸಿದ ಗುಂಪುಗಳಲ್ಲಿ ಯಾರೂ ಬಿಡಲಿಲ್ಲ. ಉತ್ಪನ್ನವು ಹಿಂದಿನದಕ್ಕಿಂತ ಸುಮಾರು ಶೇಕಡಾ 14ರಷ್ಟು ಏರಿತು. ಇವರು ಕಾರ್ಮಿಕರು, ಅಧಿಕಾರಿಗಳಲ್ಲ ಎಂಬುದು ನಿಜ. ಆದರೆ 1979ರಲ್ಲಿ ಇಜ಼ೆಟಿನ್ ಕೆನಿಸ್ ಎಂಬವರು ಕಾರ್ಖಾನೆಗಳ ವಿಭಾಗ ವ್ಯವಸ್ಥಾಪಕರನ್ನೇ ಪರಿಶೀಲಿಸಿದಾಗಲೂ ಇದೇ ಒಲವು ಕಂಡಿತು. ಆಯವ್ಯಯದ ರಚನೆಯಲ್ಲಿ ಪಾಲು ಇದ್ದವರಲ್ಲಿಯೂ, ತಮ್ಮ ಗುರಿ ಯಾವುದೆಂದು ಸ್ಪಷ್ಟವಾಗಿ ಬಲ್ಲವರಲ್ಲಿಯೂ ಕೆಲಸದ ಬಗೆಗೆ ಹೆಚ್ಚಿನ ತೃಪ್ತಿ ಇದ್ದಿತು. ಗುರಿಯು ಎಟುಕದಷ್ಟು ಬಿಗಿಯಾದಾಗ ಉದ್ವೇಗ ಹೆಚ್ಚಿತು.

ಬಿಗಿಯ ವಿಷಯದಲ್ಲಿ ಮತ್ತೊಂದು ಸ್ವಾರಸ್ಯವಿದೆ. ಆಂಡ್ರ್ಯೂ ಸ್ಟೆಡ್ರಿ ಎಂಬವರ 1960ರ ಪ್ರಯೋಗದಲ್ಲಿ, ಒಗಟುಗಳನ್ನು ಬಿಡಿಸುವ ಕೆಲಸಕ್ಕೆ ಆಯವ್ಯಯದಂತಹ ಗುರಿಯೊಂದನ್ನು ನಿಗದಿಮಾಡಿದರು. ದೊಡ್ಡ ಗುರಿಯನ್ನು ಮೊದಲೇ ತಿಳಿದು, ಅನಂತರ ತಮ್ಮ ಆಕಾಂಕ್ಷೆಯನ್ನು ಗೊತ್ತುಮಾಡಿಕೊಂಡವರು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದರು. ತಮ್ಮ ಆಕಾಂಕ್ಷೆಯನ್ನು ಮೊದಲು ಗೊತ್ತುಮಾಡಿಕೊಂಡ ಮೇಲೆ ಅದೇ ದೊಡ್ಡ ಗುರಿಯನ್ನು ಹೇರಿಸಿಕೊಂಡವರು ಎಲ್ಲರಿಗಿಂತ ಹಿಂದೆ ಬಿದ್ದರು. ಗುರಿ ಒಂದೇ, ಅದು ಬಂದ ಕ್ರಮ ಬೇರೆ. ನೀವು ಶೇಕಡಾ 70 ಅಂಕ ಬಂದೀತೆಂದು ಲೆಕ್ಕಹಾಕಿ ಓದುತ್ತಿರುವಾಗ, ಪರೀಕ್ಷೆಯ ಹಿಂದಿನ ವಾರ ತಂದೆಯವರು ಬಂದು 95 ಬರಲೇಬೇಕೆಂದರೆ ನಿಮ್ಮ ಮನಸ್ಸಿಗೆ ಏನಾಗುವುದೆಂದು ಯೋಚಿಸಿ ನೋಡಿರಿ.

ಇನ್ನು ಅಳೆಯುವ ವಿಷಯ. 1972ರಲ್ಲಿ ಆಂಟೋನಿ ಹಾಪ್‌ವುಡ್ ಎಂಬವರು ಅಮೆರಿಕದ ಒಂದು ದೊಡ್ಡ ಕಂಪೆನಿಯಲ್ಲಿ ವೆಚ್ಚದ ಹೊಣೆ ಹೊತ್ತ ವಿಭಾಗಾಧಿಕಾರಿಗಳನ್ನು ಪರಿಶೀಲಿಸಿದರು. ಮೇಲಧಿಕಾರಿಗಳಲ್ಲಿ ಅವರು ಮೂರು ಬಗೆಯನ್ನು ಕಂಡರು. ಅಂದಾಜನ್ನು ಮೀರಿದೆಯೇ ಇಲ್ಲವೇ ಎಂಬುದನ್ನಷ್ಟೇ ನೋಡುವವರು ಮೊದಲ ಬಗೆ. ವೆಚ್ಚವನ್ನು ಗಮನಿಸಿದರೂ ಅದು ಏಕೆ ಹಾಗಾಯಿತೆಂದು ವಿಚಾರಿಸಿ, ದೀರ್ಘಕಾಲದ ಹಿತವನ್ನು ತೂಗಿ ನೋಡುವವರು ಎರಡನೆಯ ಬಗೆ. ಲೆಕ್ಕವನ್ನು ಹೆಚ್ಚಾಗಿ ಲಕ್ಷ್ಯಕ್ಕೆ ತಾರದವರು ಮೂರನೆಯ ಬಗೆ. ಮೊದಲನೆಯವರ ಕೈಕೆಳಗಿನ ಅಧಿಕಾರಿಗಳಲ್ಲಿ ಉದ್ವೇಗ ಹೆಚ್ಚು, ಸಹೋದ್ಯೋಗಿಗಳೊಡನೆ ವಿರಸ ಹೆಚ್ಚು. ಲೆಕ್ಕದ ಅಂಕಿಗಳನ್ನು ತಮಗೆ ಬೇಕಾದಂತೆ ಹೊಂದಿಸುವ ಚಾಳಿಯೂ ಹೆಚ್ಚು. ನಮ್ಮ ಪ್ರಯೋಗಶಾಲೆಯ ಹುಡುಗರು ಬ್ಯೂರೆಟ್ಟಿನ ಅಳತೆಗಳನ್ನು ಹೊಂದಿಸಿದುದಕ್ಕೂ ಇದಕ್ಕೂ ವ್ಯತ್ಯಾಸವೇನು? ಎರಡನೆಯ ಬಗೆಯವರ ಕೈಕೆಳಗಿನವರಾದರೋ ವೆಚ್ಚದ ಎಚ್ಚರವನ್ನು ಕಳೆದುಕೊಳ್ಳದೆಯೇ ನೆಮ್ಮದಿಯಿಂದಿದ್ದರು. ಆದುದರಿಂದ ಹಣದ ಶಿಸ್ತಿಗೆ ಅಧಿಕಾರಿಯ ಕಿರುಕುಳವು ಅವಶ್ಯಕವಾದ ಬೆಲೆಯಲ್ಲ.

ಆದರೆ ವಿಜ್ಞಾನದಲ್ಲಿ ಒಂದೇ ಪ್ರಯೋಗದಿಂದ ನಿಯಮ ಹುಟ್ಟದು. ಡೇವಿಡ್ ಆಟ್ಲಿ ಎಂಬವರು 1978ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳ ವ್ಯವಸ್ಥಾಪಕರನ್ನು ಆರಿಸಿಕೊಂಡರು. ಅಲ್ಲಿ ಅಂಕಿಗಳಿಂದಲೇ ಅಳೆಯಲ್ಪಟ್ಟವರಲ್ಲಿ ಹೆಚ್ಚಿನ ಉದ್ವೇಗ ಕಾಣಲಿಲ್ಲ. ಹಾಪ್‌ವುಡ್ಡರ ಅಧಿಕಾರಿಗಳ ವೆಚ್ಚವು ಪಕ್ಕದ ವಿಭಾಗಗಳನ್ನು ಅವಲಂಬಿಸಿದ್ದಿತು. ಆಟ್ಲಿಯವರ ಅಧಿಕಾರಿಗಳು ಬಹುಮಟ್ಟಿಗೆ ತಮ್ಮ ತಮ್ಮ ಘಟಕಗಳಿಗೆ ತಾವೇ ಒಡೆಯರು. ತನ್ನ ಕೈಯಲ್ಲಿರುವುದನ್ನು ಅಳೆದರೆ ಮನುಷ್ಯನು ನೊಂದುಕೊಳ್ಳನು. ಕೈಯಲ್ಲಿಲ್ಲದುದನ್ನು ತನ್ನ ಹೆಸರಿನಲ್ಲಿ ಅಳೆದಾಗ ನೊಂದುಕೊಳ್ಳುವನು. ಈ ಎರಡು ಅಧ್ಯಯನಗಳನ್ನೂ ಒಟ್ಟಿಗೆ ಓದಿದಾಗ ನಮಗೆ ಹೊಳೆಯುವ ಸಾರ ಇದೇ.

ಈ ಸಾರವನ್ನು ನಮ್ಮ ಜಿಲ್ಲೆಯಲ್ಲಿಯೇ ಒರೆಗೆ ಹಚ್ಚಿ ನೋಡೋಣ. ಕುಣಿಗಲ್ಲಿನ ಬಳಿ ಒಂದು ಸಣ್ಣ ಯಂತ್ರಭಾಗಗಳ ಕಾರ್ಖಾನೆ ಇದೆಯೆಂದು ಕಲ್ಪಿಸಿಕೊಳ್ಳಿರಿ. ಅದರ ಉತ್ಪಾದನಾ ವ್ಯವಸ್ಥಾಪಕನಿಗೆ ತಿಂಗಳ ವೆಚ್ಚವು ಇಂತಿಷ್ಟೇ ಎಂದು ಗೊತ್ತುಮಾಡಿದ್ದಾರೆ. ಉಕ್ಕಿನ ಬೆಲೆ ಏರಿತು, ವಿದ್ಯುತ್ತು ನಿಂತು ಡೀಸೆಲ್ ಯಂತ್ರ ಓಡಿತು, ವೆಚ್ಚ ಮೀರಿತು. ಉಕ್ಕಿನ ಬೆಲೆಯಾಗಲಿ ವಿದ್ಯುತ್ತಾಗಲಿ ಆತನ ಕೈಯಲ್ಲಿಲ್ಲ. ತುಂಡುಗಳು ವ್ಯರ್ಥವಾಗದಂತೆ ನೋಡಿಕೊಳ್ಳುವುದು, ಯಂತ್ರಗಳಿಗೆ ಕಾಲಕಾಲಕ್ಕೆ ಎಣ್ಣೆ ಹಾಕಿಸುವುದು ಆತನ ಕೈಯಲ್ಲಿವೆ. ಎಲ್ಲವನ್ನೂ ಒಂದೇ ಮೊತ್ತದಲ್ಲಿ ಕೂಡಿಸಿ ಆತನನ್ನು ದೂರಿದರೆ ಆತನು ಮಾಡುವುದೇನು? ಕಣ್ಣಿಗೆ ಬೀಳದ ವೆಚ್ಚವನ್ನು, ಎಂದರೆ ಯಂತ್ರಗಳ ಸಂರಕ್ಷಣೆಯನ್ನು, ಮುಂದೂಡುವನು. ಈ ವರ್ಷದ ಲೆಕ್ಕ ಸರಿಹೋಗುವುದು. ಮುಂದಿನ ವರ್ಷ ಯಂತ್ರ ಕೆಡುವುದು. ತಾನು ಮಾಡುತ್ತಿರುವುದು ತಪ್ಪೆಂದು ಅರಿತೇ ಮಾಡಬೇಕಾಗಿ ಬರುವುದರಿಂದ ಕೆಲಸದಲ್ಲಿ ಅವನಿಗೆ ಸುಖವಿರದು.

ತುಮಕೂರಿನಿಂದ ಸುಮಾರು 20 ಕಿಲೊಮೀಟರು ದೂರದ ಗುಬ್ಬಿಯ ಕಡೆ ಹೋದರೆ ತೆಂಗು ಅಡಕೆಗಳ ನಡುವೆ ಗ್ರಾಮ ಪಂಚಾಯತಿಗಳ ಕಟ್ಟಡಗಳು ಕಾಣುತ್ತವೆ. ಅಲ್ಲಿನ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಎಂದರೆ ಜನರು ಪಿಡಿಒ ಎಂದು ಕರೆಯುವವರು, ನಿಜವಾದ ಅರ್ಥದಲ್ಲಿ ಒಬ್ಬ ವ್ಯವಸ್ಥಾಪಕರೇ. ಕುಡಿಯುವ ನೀರು, ಬೀದಿ ದೀಪ, ಚರಂಡಿ, ಕಂದಾಯ ಎಲ್ಲಕ್ಕೂ ಜನರು ಅವರ ಮೇಜಿನ ಮುಂದೆಯೇ ನಿಲ್ಲುವರು. ಹದಿನೈದನೆಯ ಹಣಕಾಸು ಆಯೋಗವು 2021-22ರಿಂದ 2025-26ರವರೆಗೆ ಪಂಚಾಯತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇಕಡಾ 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿದ್ದಿತು. ಶೇಕಡಾ 40 ಭಾಗ ಮಾತ್ರ ಸ್ಥಳೀಯ ಅಗತ್ಯಗಳಿಗೆ ಮುಕ್ತವಾಗಿದ್ದಿತು. ಹೀಗೆ ಕಟ್ಟುವುದಕ್ಕೆ ಒಳ್ಳೆಯ ಕಾರಣವಿದೆ. ನೀರಿಗೂ ನೈರ್ಮಲ್ಯಕ್ಕೂ ಹಣ ಇಡದ ಊರುಗಳು ಇಲ್ಲದಿಲ್ಲ. ಆದರೆ ಗ್ರಾಮಸಭೆಯಲ್ಲಿ ಜನರು ಬೇರೊಂದು ಕೆಲಸವನ್ನು ಬೇಡಿದಾಗ, ಹಣವಿದ್ದೂ ಇಲ್ಲವೆನ್ನಬೇಕಾದವರು ಈ ಅಧಿಕಾರಿಯೇ. ನಿಯಮ ಮಾಡಿದವರು ಆ ಸಭೆಯಲ್ಲಿ ಇರುವುದಿಲ್ಲ.

ನಮ್ಮ ಕೆರೆಗಳ ಊರುಗಳಲ್ಲಿ ಹಿಂದೆ ನೀರುಗಂಟಿಯೆಂಬವನು ಇದ್ದನು. ತೂಬನ್ನು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ನೀರೂ ಒಂದು ಬಗೆಯ ಆಯವ್ಯಯವೇ. ಮಳೆಯೇ ಆಯ, ಬೆಳೆಯೇ ವ್ಯಯ. ಕೆರೆಯಲ್ಲಿ ಎಷ್ಟು ನೀರಿದೆ, ಯಾವ ಗದ್ದೆ ಒಣಗುತ್ತಿದೆ ಎಂಬುದನ್ನು ಅವನು ಕಣ್ಣಾರೆ ಬಲ್ಲನು. ಊರವರು ಕೂಡಿ ಪಾಲನ್ನು ಒಪ್ಪಿಕೊಂಡಿರುವರು. ಆ ಒಪ್ಪಂದದೊಳಗೆ ತೂಬಿನ ಹದವನ್ನು ಅವನಿಗೆ ಬಿಟ್ಟಿರುವರು. ಅವನೇನೂ ಸ್ವತಂತ್ರನಲ್ಲ, ಕಟ್ಟುಪಾಡು ಬಿಗಿಯಾಗಿಯೇ ಇದ್ದಿತು. ಆದರೆ ಅವನ ಹೊಣೆಯೂ ಅವನ ಅಧಿಕಾರವೂ ಒಂದೇ ಅಳತೆಯವು. ಇಂದಿನ ಎಷ್ಟೋ ಅಧಿಕಾರಿಗಳಿಗೆ ತೂಬಿನ ಕೀಲಿ ಬೇರೆಡೆ ಇದೆ, ಒಣಗಿದ ಗದ್ದೆಯ ದೂರು ಮಾತ್ರ ಅವರಿಗಿದೆ.

ಈಗ ಮಾರ್ಚ್ ತಿಂಗಳ ದೀಪಗಳಿಗೆ ಹಿಂದಿರುಗೋಣ. ಇದು ನಮ್ಮ ದೇಶದ ರೋಗ ಮಾತ್ರವೆಂದು ಭಾವಿಸಬೇಕಾಗಿಲ್ಲ. ಜೆಫ್ರಿ ಲೀಬ್‌ಮನ್ ಮತ್ತು ನೀಲ್ ಮಹೋನಿ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಕೇಂದ್ರ ಸರ್ಕಾರದ ಖರೀದಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಲೇಖನದಂತೆ, ವರ್ಷದ ಕಡೆಯ ವಾರದ ವೆಚ್ಚವು ಉಳಿದ ವಾರಗಳ ಸರಾಸರಿಯ 4.9 ಪಟ್ಟು. ಆ ಹೊತ್ತಿನಲ್ಲಿ ಕೈಗೊಂಡ ಗಣಕಯಂತ್ರದ ಯೋಜನೆಗಳ ಗುಣಮಟ್ಟವೂ ಕೀಳಾಗಿದ್ದಿತು. ನಮ್ಮ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವರ್ಷಾಂತ್ಯದಲ್ಲಿ ವೆಚ್ಚವು ನುಗ್ಗುವುದನ್ನು ಆರ್ಥಿಕ ಔಚಿತ್ಯಕ್ಕೆ ಭಂಗವೆಂದೇ ಪರಿಗಣಿಸಿವೆ. ನಿಯಮವೇನೋ ಸರಿ. ಆದರೆ ಹಣವೇ ಮಾರ್ಚ್ ತಿಂಗಳಲ್ಲಿ ಕೈಸೇರಿದರೆ, ಉಳಿಸಿದವನಿಗೆ ಮರುವರ್ಷ ಕಡಿತವೂ ಕಾದಿದ್ದರೆ, ವಿವೇಕಿಯಾದ ಅಧಿಕಾರಿಯೂ ನುಗ್ಗದೆ ಏನು ಮಾಡಿಯಾನು? ಮಿತವ್ಯಯಿಯನ್ನು ದಂಡಿಸುವ ಏರ್ಪಾಟಿನಲ್ಲಿ ಮಿತವ್ಯಯವು ಬೆಳೆಯಲಾರದು.

ನಮ್ಮ ವಾದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಅಂದಾಜು ಮಾಡುವ ಕೆಲಸದಲ್ಲಿ ಅಧಿಕಾರಿಗೆ ಪಾಲು ಕೊಟ್ಟರೆ ಆತನು ಬೇಕಾದುದಕ್ಕಿಂತ ಹೆಚ್ಚು ಕೇಳಿ, ಗಂಟು ಸಡಿಲವಾಗಿಟ್ಟುಕೊಳ್ಳುವನೆಂಬುದು ಮೊದಲನೆಯದು. ಇದು ಸುಳ್ಳಲ್ಲ, ಅಮೆರಿಕದ ಕಂಪೆನಿಗಳಲ್ಲಿಯೂ ಇಂತಹ ಸಡಿಲವನ್ನು ಷಿಫ್ ಮತ್ತು ಲೆವಿನ್ ಎಂಬ ವಿದ್ವಾಂಸರು 1970ರಲ್ಲಿ ವಿವರಿಸಿದ್ದಾರೆ. ಆದರೆ ಮೇಲಿನಿಂದ ಹೇರಿದಾಗಲೂ ಗಂಟು ಇಲ್ಲದಿಲ್ಲ. ಕಡಿತವಾಗುವುದೆಂದು ತಿಳಿದವರು ಮೊದಲೇ ಹೆಚ್ಚಿಸಿ ಬರೆಯುವರು, ಹೆಚ್ಚಿಸಿದ್ದಾರೆಂದು ತಿಳಿದವರು ಕಣ್ಣುಮುಚ್ಚಿ ಕಡಿಯುವರು. ಸಹಭಾಗಿತ್ವವು ಎಲ್ಲ ಕಡೆಯೂ ಫಲ ಕೊಡದೆಂಬುದು ಎರಡನೆಯ ಆಕ್ಷೇಪಣೆ. ಅದೂ ನಿಜವೇ, ವರ್ಜೀನಿಯಾದ ಪ್ರಯೋಗವನ್ನು ನಾರ್ವೆಯ ಒಂದು ಪಾದರಕ್ಷೆಯ ಕಾರ್ಖಾನೆಯಲ್ಲಿ ನಡೆಸಿ 1960ರಲ್ಲಿ ವರದಿ ಮಾಡಿದಾಗ ಉತ್ಪನ್ನದಲ್ಲಿ ಅಂತಹ ಏರಿಕೆ ಕಾಣಲಿಲ್ಲ. ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಗಂಭೀರವಾದುದು. ಸಾರ್ವಜನಿಕ ಹಣವು ಅಧಿಕಾರಿಯ ಸುಖಕ್ಕಾಗಿ ಇರುವುದಲ್ಲ. ತೆರಿಗೆ ಕೊಟ್ಟವನಿಗೆ ಲೆಕ್ಕ ಒಪ್ಪಿಸಲೇಬೇಕು. ನಾವು ಇದನ್ನು ಸಂಪೂರ್ಣವಾಗಿ ಒಪ್ಪುತ್ತೇವೆ. ನಾವು ಕೇಳುತ್ತಿರುವುದು ಲೆಕ್ಕದಿಂದ ಬಿಡುಗಡೆಯನ್ನಲ್ಲ, ಸರಿಯಾದ ಲೆಕ್ಕವನ್ನು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಯಾರು ಹಣಕ್ಕೆ ಉತ್ತರ ಹೇಳಬೇಕೋ ಅವರನ್ನು ಅಂದಾಜು ಗಟ್ಟಿಯಾಗುವುದಕ್ಕೆ ಮೊದಲು ಕೇಳಬೇಕು. ಅವರ ಮಾತನ್ನು ಒಪ್ಪದಿದ್ದರೆ ಕಾರಣವನ್ನು ಬರೆದು ತಿಳಿಸಬೇಕು. ಎರಡನೆಯದಾಗಿ, ಅಧಿಕಾರಿಯ ಕೈಯಲ್ಲಿರುವ ವೆಚ್ಚವನ್ನೂ ಇಲ್ಲದ ವೆಚ್ಚವನ್ನೂ ಬೇರೆಬೇರೆಯಾಗಿ ತೋರಿಸಬೇಕು. ಮೂರನೆಯದಾಗಿ, ಅಂಕಿ ತಪ್ಪಿದಾಗ ತೀರ್ಪಿಗೆ ಮೊದಲು ವಿಚಾರಣೆ ನಡೆಯಬೇಕು. ಏಕೆ ತಪ್ಪಿತೆಂಬ ಪ್ರಶ್ನೆ ನಿಜವಾದ ಪ್ರಶ್ನೆಯಾಗಿರಬೇಕು. ನಾಲ್ಕನೆಯದಾಗಿ, ಹಣವು ವರ್ಷದ ಮೊದಲ ತಿಂಗಳುಗಳಲ್ಲಿಯೇ ಕೈಸೇರಬೇಕು. ವಿವೇಕದಿಂದ ಉಳಿಸಿದುದರಲ್ಲಿ ಒಂದು ಭಾಗವನ್ನಾದರೂ ಮರುವರ್ಷಕ್ಕೆ ಸಾಗಿಸಲು ಎಡೆಯಿರಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಬೇಕಾದುದು ಕೇಳುವ ಕಿವಿ.

ಇದೆಲ್ಲ ದೊಡ್ಡವರ ಮಾತು, ನಮಗೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಗಳಲ್ಲಿ ಎದ್ದ ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ತುಮಕೂರಿನ ಸುತ್ತ ಕೈಗಾರಿಕೆಗಳು ಹಬ್ಬುತ್ತಿವೆ. ಅಲ್ಲಿನ ವಿಭಾಗಗಳಿಗೆ, ಆಸ್ಪತ್ರೆಗಳಿಗೆ, ಪಂಚಾಯತಿಗಳಿಗೆ ನಾಳೆ ವ್ಯವಸ್ಥಾಪಕರಾಗುವವರು ಈ ಪುಟಗಳನ್ನು ಓದುತ್ತಿರುವವರೇ. ಆಗ ನಿಮ್ಮ ಕೈಗೆ ಒಬ್ಬರು ಅಂಕಿಗಳ ಹಾಳೆಯನ್ನು ಕೊಡುವರು. ನೀವೂ ಮತ್ತೊಬ್ಬರ ಕೈಗೆ ಕೊಡುವಿರಿ.

ಅದಕ್ಕೆ ತರಬೇತಿಯು ಇಂದಿನ ಪ್ರಯೋಗಶಾಲೆಯಲ್ಲಿಯೇ ಆರಂಭವಾಗಬಹುದು. ಆ ಕೆಟ್ಟ ತಕ್ಕಡಿಯ ವರ್ಷದಲ್ಲಿ ಒಬ್ಬಳು ವಿದ್ಯಾರ್ಥಿನಿ ಮಾತ್ರ ತನಗೆ ಬಂದ ತಪ್ಪು ಉತ್ತರವನ್ನೇ ಬರೆದು ತಂದಳು. ‘ಮೇಷ್ಟ್ರೇ, ಮೂರು ಸಲ ಮಾಡಿದೆ, ಹೀಗೇ ಬರುತ್ತದೆ, ತಕ್ಕಡಿಯನ್ನು ಒಂದು ಸಲ ನೋಡಿರಿ’ ಎಂದಳು. ನಾವು ಆಕೆಗೆ ಕಡಮೆ ಅಂಕ ಕೊಟ್ಟೆವು. ಪಟ್ಟಿಯಲ್ಲಿದ್ದ ಉತ್ತರ ಬೇರೆಯಾಗಿದ್ದಿತು. ನಮ್ಮನ್ನು ಮೇಲಿನವರು ಅಳೆದ ರೀತಿಯಲ್ಲಿಯೇ ನಾವು ಆಕೆಯನ್ನು ಅಳೆದಿದ್ದೆವೆಂಬುದು ಬಹಳ ಕಾಲದ ಮೇಲೆ ಹೊಳೆಯಿತು. ಅಂಕಿ ತಪ್ಪಿದಾಗ ಮನುಷ್ಯನನ್ನು ದೂರುವ ಮೊದಲು ತಕ್ಕಡಿಯನ್ನು ನೋಡಬೇಕು. ವಿಜ್ಞಾನದ ಈ ಮೊದಲ ಪಾಠವನ್ನು ಆಯವ್ಯಯದ ಮೇಜಿನವರೆಗೆ ಕೊಂಡೊಯ್ಯುವ ಕೆಲಸ ನಿಮ್ಮ ಪೀಳಿಗೆಯದು.